ಉಪ್ಪುನೀರಿನಲ್ಲಿ ಬೆಂದ ದಾಳ

"ಅಳಿಯಂದ್ರೇ, ಇಪ್ಪತ್ತು ಮುಖದ ದಾಳದಲ್ಲಿ ಹನ್ನೊಂದು ಬಿದ್ದರೆ ನೀವು ಸುಮ್ಮನಿರ್ತೀರಿ. ಇಪ್ಪತ್ತು ಬಿದ್ದರೆ ಮಾತ್ರ ನಿಮ್ಮ ಹುಬ್ಬು ಮೇಲೇರುತ್ತೆ. ಎರಡೂ ಬೀಳೋ ಸಾಧ್ಯತೆ ಒಂದೇ ತಾನೆ? ಹನ್ನೊಂದರ ಮೇಲೆ ಯಾಕೆ ನಿಮಗೆ ಅನುಮಾನ ಬರಲ್ಲ?"

ನಮ್ಮ ಭಾನುವಾರದ ಆಟದಲ್ಲಿ ಅತ್ತೆಗೆ ಇಪ್ಪತ್ತು ಬಿದ್ದು ನಾನು ಹುಬ್ಬೇರಿಸಿದಾಗ ಮಾವ ಹೀಗೆ ಕೇಳಿದರು. ಗ್ರಂಥಾಲಯದ ವಿಜ್ಞಾನ ವಿಭಾಗವನ್ನು ಹದಿನೆಂಟು ವರ್ಷಗಳಿಂದ ನೋಡಿಕೊಳ್ಳುತ್ತಿರುವವನು ನಾನು. ಸಂಭವನೀಯತೆಯ ಬಗ್ಗೆ ಅಲ್ಲಿರುವ ಏಳೂ ಪುಸ್ತಕಗಳನ್ನು ಓದಿ, ಎರಡರ ಅಂಚಿನಲ್ಲಿ ಪೆನ್ಸಿಲಿನಿಂದ ಲೇಖಕರನ್ನೇ ತಿದ್ದಿದವನು. ಅಂಥವನು ಊಟದ ಮೇಜಿನ ಮುಂದೆ ಬಾಯಿ ಕಟ್ಟಿ ಕುಳಿತೆ. ಅಂದೇ ಶಪಥ ಮಾಡಿದೆ: ಈ ದಾಳದ ಗುಟ್ಟನ್ನು ವೈಜ್ಞಾನಿಕವಾಗಿ ಬಯಲಿಗೆಳೆಯದಿದ್ದರೆ ನಾನು ಓದಿದ್ದೆಲ್ಲ ದಂಡ.

ಉತ್ತರ ಹೊಳೆಯದಿದ್ದಾಗ ಪ್ರಯೋಗ ಮಾಡಬೇಕು ಎಂಬುದು ವಿಜ್ಞಾನದ ಮೊದಲ ಪಾಠ. ಪ್ರಯೋಗವನ್ನು ಅಡುಗೆಮನೆಯಲ್ಲಿ ಮಾಡಬಾರದು ಎಂಬುದು ಸಂಸಾರದ ಮೊದಲ ಪಾಠ. ನಾನು ಓದಿದ್ದು ಒಂದನೆಯದನ್ನು ಮಾತ್ರ.

ನಮ್ಮ ಭಾನುವಾರದ ಆಟವನ್ನು ಸ್ವಲ್ಪ ವಿವರಿಸಬೇಕು. ಒಬ್ಬರು ಕಥೆ ನಡೆಸುತ್ತಾರೆ. ಉಳಿದವರು ತಲಾ ಒಂದು ಪಾತ್ರವಾಗುತ್ತಾರೆ. ಏನು ಮಾಡಲು ಹೊರಟಿದ್ದೇನೆ ಎಂದು ಹೇಳುವುದು ಪಾತ್ರದ ಸ್ವಾತಂತ್ರ್ಯ. ಅದು ಕೈಗೂಡಿತೋ ಇಲ್ಲವೋ ಎಂದು ತೀರ್ಮಾನಿಸುವುದು ದಾಳದ ಅಧಿಕಾರ. ದೊಡ್ಡ ಅಂಕಿ ಬಿದ್ದರೆ ಗೆಲುವು, ಸಣ್ಣದು ಬಿದ್ದರೆ ಫಜೀತಿ. ನನ್ನ ಹೆಂಡತಿ ಕೋಟೆಯ ಸೇನಾಪತಿ; ಆ ಪಾತ್ರಕ್ಕೆ ಆಕೆ ಬೇರೆಯಾಗಿ ಅಭ್ಯಾಸ ಮಾಡಬೇಕಾಗಿರಲಿಲ್ಲ. ಮೇಲಿನ ಮನೆಯ ಹಲ್ಲಿನ ಡಾಕ್ಟರು ವಾರವಿಡೀ ಪರರ ಬಾಯಿ ತೆರೆಸುವವರು, ಇಲ್ಲಿ ಬಾಯಿಯೇ ಬಿಡದ ಕಳ್ಳ. ನಾನು ಮಹಾಮಾಂತ್ರಿಕ. ಏಳು ತಿಂಗಳಲ್ಲಿ ನನ್ನ ಮಾಂತ್ರಿಕ ಒಮ್ಮೆಯೂ ಮುಗ್ಗರಿಸಿರಲಿಲ್ಲ. ಅದಕ್ಕೆ ನನ್ನ ಮುಂದಾಲೋಚನೆಯೇ ಕಾರಣವೆಂಬುದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಕಥೆ ನಡೆಸುವವರು ಮಾವ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತನಾಲ್ಕು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ನಿವೃತ್ತರಾದವರು. ಆಟ ಶುರು ಮಾಡಿದ್ದು ಅತ್ತೆಗಾಗಿ. ಪಾರ್ಶ್ವವಾಯು ಬಡಿದ ಮೇಲೆ ಅತ್ತೆಯ ಬಲಗೈ ಮುಷ್ಟಿ ಕಟ್ಟಿಕೊಂಡಿತ್ತು, ಮಾತು ಒಂದೆರಡು ಪದಕ್ಕೆ ಇಳಿದಿತ್ತು. ವ್ಯಾಯಾಮ ಹೇಳಿಕೊಡಲು ಬಂದವರು ರಬ್ಬರ್ ಚೆಂಡು ಕೊಟ್ಟರೆ ಅತ್ತೆ ಅದನ್ನು ಗೋಡೆಯ ಕಡೆ ತಳ್ಳಿ ಮುಖ ತಿರುಗಿಸಿದರು. ಆಗ ಮಾವ ನಿಂಬೆಹಣ್ಣಿನ ಗಾತ್ರದ ಒಂದು ದಾಳ ತಂದು, "ನೀನು ದೋಣಿ ನಡೆಸೋಳು. ಆಚೆ ದಡದಲ್ಲಿ ಯಾರೋ ಕೂಗ್ತಿದ್ದಾರೆ. ಹೋಗ್ತೀಯೋ ಇಲ್ವೋ?" ಎಂದರು. ಚೆಂಡು ಹಿಡಿಯದ ಕೈ ದಾಳ ಹಿಡಿಯಿತು. ಉಳಿದ ನಾವು ಎಸೆಯುತ್ತಿದ್ದದ್ದು ಮಾಮೂಲಿ ಸಣ್ಣ ದಾಳ.

ದಾಳ ಸೋಫಾದ ಕೆಳಗೆ ಉರುಳಬಾರದೆಂದು ಮಾವ ತಮ್ಮ ಮುಂದೆ ರಟ್ಟಿನ ಗೋಡೆ ನಿಲ್ಲಿಸಿ, ಅದರ ಹಿಂದೆ ಚಪ್ಪಲಿಯ ಡಬ್ಬಿಯೊಂದನ್ನು ಇಟ್ಟಿದ್ದರು. ಎಲ್ಲರೂ ಗೋಡೆಯ ಮೇಲಿನಿಂದ ಅದರೊಳಗೆ ಎಸೆಯಬೇಕು. ಅಂಕಿ ಓದುವವರು ಮಾವ. ಅತ್ತೆ ಮಾವನ ಪಕ್ಕದ ಕುರ್ಚಿಯಲ್ಲಿ. ನಾವು ಮೂವರು ಗೋಡೆಯ ಈಚೆ.

ಅವರ ಕಥೆ ಹೇಳುವ ಪರಿಗೆ ನಾನು ಮಾರುಹೋಗಿದ್ದೆ ಎಂದು ಒಪ್ಪಿಕೊಳ್ಳುತ್ತೇನೆ. ಮೂರು ಬಿದ್ದರೆ, ಬಾಗಿಲು ತೆರೆಯಲಿಲ್ಲ ಎಂದು ಹೇಳಿ ಕೈತೊಳೆದುಕೊಳ್ಳುವವರಲ್ಲ. "ಬಾಗಿಲೇನೋ ತೆರೀತು, ಆದರೆ ಕಾವಲುಗಾರ ಅದಕ್ಕೇ ಒರಗಿ ಮಲಗಿದ್ದ. ಈಗ ನಿಮ್ಮ ಕಾಲ ಮೇಲೆ ಮಲಗಿದ್ದಾನೆ" ಎನ್ನುವರು. ಸೋಲನ್ನು ಕಥೆಯ ಅಂತ್ಯವಾಗಲು ಬಿಡದೆ ಅದನ್ನೇ ಹೊಸ ದಾರಿ ಮಾಡುವ ಆ ಕಲೆ ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ.

ಆದರೆ ಅತ್ತೆಗೆ ಬೀಳುತ್ತಿದ್ದ ಅಂಕಿಗಳು ನನ್ನ ನಿದ್ದೆಗೆಡಿಸಿದವು. ಗುಟ್ಟಾಗಿ ಬರೆದುಕೊಂಡೆ: ನಲವತ್ತು ಎಸೆತ, ಸರಾಸರಿ ಹನ್ನೆರಡು. ಹತ್ತೂವರೆ ಇರಬೇಕಿತ್ತು. ಒಂದೋ ದಾಳದ ಒಳಗೆ ಟೊಳ್ಳಿದೆ, ಇಲ್ಲವೇ ಮಾವ ಹೆಂಡತಿಯ ಮೇಲಿನ ಪ್ರೀತಿಯಿಂದ ಸುಳ್ಳು ಓದುತ್ತಿದ್ದಾರೆ. ಉಳಿದವರ ಅಂಕಿಗಳನ್ನು ಬರೆದುಕೊಳ್ಳುವ ಅಗತ್ಯ ನನಗೆ ಕಾಣಲಿಲ್ಲ.

ದಾಳದ ಪ್ರಾಮಾಣಿಕತೆಗೆ ಒಂದು ಸರಳ ಪರೀಕ್ಷೆಯಿದೆ. ಉಪ್ಪುನೀರಿನಲ್ಲಿ ತೇಲಿಸಿ ತಿರುಗಿಸಬೇಕು. ಪ್ರತಿ ಸಲವೂ ಒಂದೇ ಮುಖ ಮೇಲೆ ಬಂದರೆ ದಾಳ ದೋಷಿ. ಭಾನುವಾರ ಬೆಳಿಗ್ಗೆ ಎಲ್ಲರೂ ಹೊರಗೆ ಹೋಗಿದ್ದಾಗ ಪಾತ್ರೆಯಲ್ಲಿ ನೀರಿಟ್ಟು, ಎರಡು ಚಮಚ ಉಪ್ಪು ಹಾಕಿ, ಅತ್ತೆಯ ದೊಡ್ಡ ದಾಳವನ್ನು ಬಿಟ್ಟೆ. ಮುಳುಗಿತು. ಇನ್ನೂ ನಾಲ್ಕು ಚಮಚ. ಆಗಲೂ ತಳದಲ್ಲೇ ಇತ್ತು. ಇಡೀ ಡಬ್ಬ ಸುರಿದೆ. ಅರ್ಧ ಉಪ್ಪು ಕರಗದೆ ದಾಳದ ಜೊತೆಗೇ ಕುಳಿತಿತು. ಬಿಸಿ ಮಾಡಿದರೆ ಹೆಚ್ಚು ಕರಗುತ್ತದೆ ಎಂದು ಒಲೆ ಹಚ್ಚಿದೆ. ಎಷ್ಟು ಡಿಗ್ರಿಗೆ ಎಷ್ಟು ಕರಗುತ್ತದೆಂದು ನೋಡಲು ಪುಸ್ತಕ ತೆರೆದೆ. ಅಡುಗೆ ಉಪ್ಪಿನ ಕರಗುವಿಕೆ ಬಿಸಿಯಿಂದ ಹೆಚ್ಚೇನೂ ಏರುವುದಿಲ್ಲ ಎಂಬ ಸಾಲು ಸಿಕ್ಕಿತು. ಅಷ್ಟಕ್ಕೇ ಎದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಮುಂದಿನ ಅಧ್ಯಾಯ ಸ್ವಾರಸ್ಯಕರವಾಗಿತ್ತು.

"ರೀ, ಏನದು ವಾಸನೆ?" ಬಾಗಿಲಿನಿಂದ ಹೆಂಡತಿಯ ದನಿ.

"ಸಾಂದ್ರತೆಯ ಪ್ರಯೋಗ."

"ನಿಮ್ಮ ಸಾಂದ್ರತೆ ಸೀದು ಹೋಗ್ತಿದೆ. ಒಲೆ ಆರಿಸಿ." ಒಳಗೆ ಬಂದವಳು ಖಾಲಿ ಡಬ್ಬ ಎತ್ತಿ ನೋಡಿದಳು. "ಇದರಲ್ಲಿದ್ದ ಉಪ್ಪೆಲ್ಲಿ?"

"ದ್ರಾವಣದಲ್ಲಿದೆ."

"ದ್ರಾವಣ ಎಲ್ಲಿ?"

"ಆವಿಯಾಗಿದೆ."

"ನೀವ್ಯಾಕೆ ಆಗಲಿಲ್ಲ?"

ಪಾತ್ರೆಯ ತಳದಲ್ಲಿ ಉಪ್ಪಿನ ಹಾಸಿಗೆಯ ಮೇಲೆ ದಾಳ ಮೆತ್ತಗಾಗಿ ಮಲಗಿತ್ತು. ಇಕ್ಕಳದಿಂದ ಎತ್ತಿ ಆಕಾರ ತಿದ್ದಲು ಹೋದೆ. ಇಕ್ಕಳದ ಹಲ್ಲಿನ ಗುರುತೂ ಸೇರಿಕೊಂಡಿತು. ಆರಿದ ಮೇಲೆ ಅದು ಯಾರೋ ಕುಳಿತೆದ್ದ ದಿಂಬಿನಂತಿತ್ತು. ಹತ್ತು ಸಲ ಉರುಳಿಸಿದೆ. ಹತ್ತು ಸಲವೂ ಚಪ್ಪಟೆಯಾದ ಕಡೆಗೇ ಕುಳಿತು 'ಒಂದು' ತೋರಿಸಿತು. ಮೋಸದ ದಾಳವನ್ನು ಪತ್ತೆ ಮಾಡಲು ಹೊರಟು, ನಿಸ್ಸಂದೇಹವಾದ ಮೋಸದ ದಾಳವೊಂದನ್ನು ನಾನೇ ತಯಾರಿಸಿದ್ದೆ.

ಹೆಂಡತಿ ನಗಲಿಲ್ಲ. "ಇವತ್ತು ಅಮ್ಮ ಹಗ್ಗದ ಸೇತುವೆ ದಾಟಬೇಕು. ಹೋದ ಭಾನುವಾರದಿಂದ ಕಾಯ್ತಿದ್ದಾಳೆ. ಸಣ್ಣ ದಾಳ ಅವಳ ಬೆರಳಿಗೆ ಸಿಗಲ್ಲ. ಸಿಗದೆ ಬೇಜಾರಾಗಿ ಚೆಂಡು ತಳ್ಳಿದ ಹಾಗೆ ಇದನ್ನೂ ತಳ್ಳಿದರೆ, ಆಮೇಲೆ?"

ನಾನು ಪುಸ್ತಕ ಮುಚ್ಚಿ ಪಾತ್ರೆ ತಿಕ್ಕತೊಡಗಿದೆ.

ಮಧ್ಯಾಹ್ನ ಎಲ್ಲರೂ ಕುಳಿತಾಗ ದಾಳವನ್ನು ಮಾವನ ಮುಂದಿಟ್ಟು ತಪ್ಪೊಪ್ಪಿಕೊಂಡೆ. ಅವರು ಕನ್ನಡಕ ಏರಿಸಿ, ಅದನ್ನು ಬೆಳಕಿಗೆ ಹಿಡಿದು ಮುಖ ಮುಖವನ್ನೂ ಪರಿಶೀಲಿಸಿದರು.

"ನನ್ನ ಸರ್ವಿಸ್‌ನಲ್ಲಿ ತಕ್ಕಡಿಗೆ ಮೇಣ ಅಂಟಿಸಿದವರನ್ನ ನೋಡಿದ್ದೀನಿ, ಅಯಸ್ಕಾಂತ ಇಟ್ಟವರನ್ನ ನೋಡಿದ್ದೀನಿ. ತಕ್ಕಡಿನೇ ಬೇಯಿಸಿದವರನ್ನ ಇವತ್ತೇ ನೋಡಿದ್ದು."

ಹಲ್ಲಿನ ಡಾಕ್ಟರು ಮೊದಲ ಬಾರಿಗೆ ಬಾಯಿ ತೆರೆದರು. "ಇದಕ್ಕೆ ಕ್ಯಾಪ್ ಕೂಡ ಹಾಕೋಕಾಗಲ್ಲ."

ಮಾವ ನಮ್ಮ ಮಾಮೂಲಿ ಸಣ್ಣ ದಾಳವನ್ನು ಅತ್ತೆಯ ಮುಂದಿಟ್ಟರು. "ಸೇತುವೆ ಅಲ್ಲಾಡ್ತಿದೆ. ಕೆಳಗೆ ನದಿ. ಹೆಜ್ಜೆ ಇಡ್ತೀಯಾ?"

ಅತ್ತೆಯ ಬೆರಳು ದಾಳವನ್ನು ತಳ್ಳಿತು, ಹಿಡಿಯಲಿಲ್ಲ. ಎರಡನೇ ಸಲ ಅದು ನೆಲಕ್ಕೆ ಬಿತ್ತು. ಎತ್ತಿಕೊಟ್ಟವನು ನಾನು, ಅತ್ತೆಯ ಮುಖ ನೋಡುವ ಧೈರ್ಯವಾಗದೆ. ಹೆಂಡತಿ ಸಹಾಯಕ್ಕೆ ಕೈ ಚಾಚಿದಳು. ಮಾವ ತಲೆಯಾಡಿಸಿ ಬೇಡವೆಂದರು. ಮೂರನೇ ಸಲ ಹೆಬ್ಬೆರಳೂ ತೋರುಬೆರಳೂ ನಿಧಾನವಾಗಿ ಹತ್ತಿರ ಬಂದವು, ನಡುಗಿದವು, ದಾಳ ಮೇಲೆದ್ದಿತು. ಪಾರ್ಶ್ವವಾಯು ಬಡಿದ ಮೇಲಿನ ಹನ್ನೊಂದು ತಿಂಗಳಲ್ಲಿ ಅತ್ತೆ ಎರಡು ಬೆರಳಿನಿಂದ ಎತ್ತಿದ ಮೊದಲ ವಸ್ತು ಅದು. ಡಬ್ಬಿಯೊಳಗೆ ಟಕ್ಕೆಂದಿತು.

ಇಪ್ಪತ್ತು ಎನ್ನುತ್ತಾರೆ, ಎನ್ನಲಿ ಎಂದು ನಾನೇ ಹಾರೈಸುತ್ತಿದ್ದೆ. ಮಾವ ಬಗ್ಗಿ ನೋಡಿದರು.

"ನಾಲ್ಕು. ಹಗ್ಗ ಕಿತ್ತು ನದಿಗೆ ಬಿದ್ದೆ."

ಅತ್ತೆಯ ಬಾಯಿಯ ಒಂದು ಬದಿ ಮೇಲಕ್ಕೇರಿತು. "ನದಿ... ನಂದೇ," ಎಂದರು. ದೋಣಿ ನಡೆಸುವವಳಿಗೆ ನೀರಿನ ಭಯವೇ? ಎಲ್ಲರೂ ನಕ್ಕು ಸುಸ್ತಾದೆವು. ನನ್ನ ನಲವತ್ತು ಎಸೆತಗಳ ಪಟ್ಟಿಯನ್ನು ಅಂದು ಸಂಜೆಯೇ ಹರಿದು ಹಾಕಿದೆ. ಸಣ್ಣ ಮಾದರಿಯಲ್ಲಿ ಅಷ್ಟು ವ್ಯತ್ಯಾಸ ಸಹಜವೆಂದು ಏಳರಲ್ಲಿ ಐದು ಪುಸ್ತಕಗಳು ಹೇಳುತ್ತವೆ.

ಇನ್ನೂ ಮೂರು ವರ್ಷ ಆಡಿದೆವು. ನನ್ನ ಮಾಂತ್ರಿಕ ರಾಜಗುರುವಾದ. ಹೋದ ವರ್ಷ ಮಾವ ತೀರಿಕೊಂಡರು. ಕೆಲವು ತಿಂಗಳು ಮೇಜು ಖಾಲಿಯಿತ್ತು. ಆಮೇಲೊಂದು ಭಾನುವಾರ ಅತ್ತೆ ತಾವೇ ರಟ್ಟಿನ ಗೋಡೆ ನಿಲ್ಲಿಸಿ ಮಾವನ ಕುರ್ಚಿಯಲ್ಲಿ ಕುಳಿತರು. ಮಾತು ತಡೆದು ತಡೆದು ಬಂದರೂ ಕಥೆ ತಡೆಯಲಿಲ್ಲ.

ಅಂದು ನನಗೆ ಬಿದ್ದದ್ದು ಮೂರು. ಆಮೇಲೆ ಆರು, ಎರಡು. ಮುಂದಿನ ವಾರ ಒಂದು, ಎಂಟು, ಐದು. ರಾಜಗುರು ಬಾವಿಗೆ ಬಿದ್ದ, ಮೇಲೆ ಬಂದು ಮತ್ತೆ ಅದೇ ಬಾವಿಗೆ ಬಿದ್ದ. ಮೂರನೇ ವಾರ ತಡೆಯಲಾಗದೆ ಕೇಳಿದೆ: "ಅತ್ತೆ, ದಾಳ ಏನಾದರೂ ಬದಲಾಗಿದೆಯಾ?"

"ದಾಳ ಅದೇ," ಎಂದರು ಅತ್ತೆ. "ನಿಮಗೆ ಯಾವಾಗಲೂ ಹೀಗೇ ಬೀಳ್ತಿತ್ತು. ಅವರು ಓದ್ತಿದ್ದದ್ದು ಬೇರೆ."

"ನಿಮಗೂ ಬೇರೆ ಓದ್ತಿದ್ರಾ?"

"ನಂಗೆ ಬಿದ್ದಿದ್ದನ್ನೇ. ಇವಳಿಗೂ, ಡಾಕ್ಟರಿಗೂ ಬಿದ್ದಿದ್ದನ್ನೇ. ಸುಳ್ಳು ಓದಿದ್ದು ನಿಮಗೊಬ್ಬರಿಗೇ."

"ಯಾಕೆ?"

ಅತ್ತೆ ಬಲಗೈಯಿಂದ ದಾಳವನ್ನೆತ್ತಿ ನನ್ನ ಮುಂದಿಟ್ಟರು. "ಸೋತರೆ ನೀವು ಎದ್ದು ಹೋಗ್ತೀರಿ ಅಂತ. ನೀವು ಎದ್ದರೆ ಆಟ ನಿಲ್ಲುತ್ತೆ, ಆಟ ನಿಂತರೆ ನನ್ನ ಕೈ ನಿಲ್ಲುತ್ತೆ ಅಂತ."