ಮಾವನವರ ರೈಲು ಮತ್ತು ನನ್ನ ಕಾಲು

ಹೆಂಡತಿಯ ತವರಿನಲ್ಲಿ ಅಳಿಯನಾದವನಿಗೆ 'ಬೇಡ' ಎನ್ನುವ ಹಕ್ಕು ಇರುವುದು ಊಟದ ತಾಟಿನ ಮುಂದೆ ಮಾತ್ರ. ಅಲ್ಲಿಯೂ ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. 'ಸಾಕ್ರಿ, ಸಾಕ್ರಿ' ಎನ್ನುತ್ತಿರುವಾಗಲೇ ಇನ್ನೊಂದು ಹೋಳಿಗೆ ಬಿದ್ದು, ಅದರ ಮೇಲೆ ತುಪ್ಪವೂ ಬಿದ್ದಿರುತ್ತದೆ. ಮಾವನವರು ನನ್ನ ಕೈಗೆ ಕೆಂಪು ಬಾವುಟ ಕೊಟ್ಟಿದ್ದೂ ಹೀಗೆಯೇ. ನಾನು ಬೇಡ ಅಂದೆ. ನೋಡಿದರೆ ಬಾವುಟ ಕೈಯಲ್ಲಿತ್ತು. ಅದಾದ ಮೇಲೆ ನನ್ನ ಜೀವ ನನ್ನ ಹತೋಟಿಯಲ್ಲಿಲ್ಲ. ಜಮಖಂಡಿಯ ನಮ್ಮ ಮನೆಯ ಮುಂದೆ ಕಬ್ಬಿನ ಟ್ರ್ಯಾಕ್ಟರು ಗೇರು ಬದಲಿಸಿದರೆ ಸಾಕು, ಚಹಾ ಕುಡಿಯುತ್ತಿರಲಿ, ಹಲ್ಲುಜ್ಜುತ್ತಿರಲಿ, ಗೋಡೆಗೆ ಅಂಟಿಕೊಂಡು ನಿಂತುಬಿಡುತ್ತೇನೆ. ಕಬ್ಬಿನ ಹಂಗಾಮು ಇನ್ನೂ ಮುಗಿದಿಲ್ಲ.

ಮಾವನವರು ಬೀಳಗಿ–ಬಾಗಲಕೋಟೆ ದಾರಿಯಲ್ಲಿ ಬಸ್ಸಿನ ಕಂಡಕ್ಟರಾಗಿ ನಿವೃತ್ತರಾದವರು. ಅವರು ನಿವೃತ್ತರಾದರೂ ಅವರ ಸೀಟಿ ನಿವೃತ್ತವಾಗಿಲ್ಲ. ಈಗಲೂ ಕೊರಳಲ್ಲಿ ನೇತಾಡುತ್ತದೆ. ಒಂದು ಊದಿದರೆ ನಿಲ್ಲು, ಎರಡು ಊದಿದರೆ ಹೊರಡು. ಅತ್ತೆಯವರು ಸಾರು ಬಡಿಸುವಾಗ ಒಂದು ಸೀಟಿ, ಬೀಗರು ಎದ್ದು ಚಪ್ಪಲಿ ಮೆಟ್ಟಿಕೊಂಡರೆ ಎರಡು. ಆಯುಷ್ಯವೆಲ್ಲ ಬಸ್ಸಿನಲ್ಲಿ ಕಳೆದರೂ ಅವರ ಪ್ರೀತಿಯೆಲ್ಲ ರೈಲಿನ ಮೇಲೆ. 'ನಮ್ಮ ಕಡೆ ರೈಲು ಬರುತ್ತದೆ' ಎಂದು ಅವರ ಅಪ್ಪ ಅವರಿಗೆ ಹೇಳಿದ್ದರು, ಅವರು ನನ್ನ ಹೆಂಡತಿಗೆ ಹೇಳಿದರು, ಅವಳು ಈಗ ನಮ್ಮ ಮಗಳಿಗೆ ಹೇಳುತ್ತಿದ್ದಾಳೆ. ಹೀಗಿರುವಾಗ ಯಾವುದೋ ದೇಶದವರು ಬಯಲಿನಲ್ಲಿ ಮೈಲುಗಟ್ಟಲೆ ಹಳಿ ಹಾಸಿ, ಅದರ ಮೇಲೆ ಆಟಿಕೆಯ ಎಂಜಿನ್ನು ಓಡಿಸಿ ದಾಖಲೆ ಮಾಡಿದ್ದನ್ನು ಅವರು ಫೋನಿನಲ್ಲಿ ನೋಡಿಬಿಟ್ಟರು.

"ಅಳಿಯಂದ್ರ, ದೊಡ್ಡ ರೈಲು ಯಾವಾಗರ ಬರವಲ್ದ್ಯಾಕ. ಸಣ್ಣದು ನಾವಽ ಬಿಡೂಣು. ಜಗತ್ತಿನ್ಯಾಗ ಎಲ್ಲಾಕ್ಕಿಂತ ಉದ್ದಂದು. ನಾ ಕಣ್ಣು ಮುಚ್ಚೂದ್ರಾಗ ನಮ್ಮ ಹೊಲದಾಗ ಒಂದು ರೈಲು ಹೊಂಟು, ಮುಟ್ಟಿದ್ದು ನೋಡಬೇಕ್ರಿ."

ಒಳಗಿನಿಂದ ಅತ್ತೆಯವರು, "ನೌಕರಿ ಇರೂತನಾ ಮನಿಗೆ ಒಂದಿನಾ ಹೊತ್ತಿಗೆ ಸರಿ ಬರಲಿಲ್ಲ, ಈಗ ರೈಲು ಬಿಡತಾರಂತ ರೈಲು!" ಎಂದರು. ಮಾವನವರು ಅದಕ್ಕೆ ಎರಡು ಸೀಟಿ ಊದಿದರು.

ಬನಹಟ್ಟಿಯಲ್ಲಿ ಮಗ್ಗ ರಿಪೇರಿ ಮಾಡುವ ಪರಿಚಯದವರೊಬ್ಬರು ಕಬ್ಬಿಣದ ಪಟ್ಟಿಗಳನ್ನು ಬಾಗಿಸಿ ಹಳಿ ಮಾಡಿಕೊಟ್ಟರು. ಮುಧೋಳದ ಹತ್ತಿರ ಮಾವನವರ ಹೊಲದಿಂದ ಹೊರಟ ಹಳಿ ಅವರ ತಮ್ಮಂದಿರ ಹೊಲಗಳನ್ನು ಹಾಯ್ದು, ಕಾಲುವೆಯ ದಂಡೆ ಹಿಡಿದು, ಕೊನೆಗೆ ಪಂಪಿನ ಮನೆಗೆ ಮುಟ್ಟಬೇಕು. ಬದುವಿನ ಜಗಳದಲ್ಲಿ ಮಾತು ಬಿಟ್ಟಿದ್ದ ತಮ್ಮನ ಜೊತೆಗೂ ಈ ನೆವದಿಂದ ಮಾತು ಶುರುವಾಯಿತು. ಒಂದು ವಾರದ ನಂತರ ಹಳಿಯ ಜಗಳದಲ್ಲಿ ಮತ್ತೆ ನಿಂತಿತು. ಬಿಸಿಲಿಗೆ ಹಳಿ ಉಬ್ಬಿತು. ಹೆಗ್ಗಣ ಕೆಳಗಿನ ಮಣ್ಣು ತೋಡಿತು. ಎಮ್ಮೆಯೊಂದು ನಡುವೆ ಕಟ್ಟಿದ್ದ ಆಟಿಕೆಯ ನಿಲ್ದಾಣದ ಮೇಲೆ ಮಲಗಿ ಮೆಲುಕು ಹಾಕಿತು. ಪರೀಕ್ಷೆಯ ಓಟದ ದಿನ ನೆರೆಯವರ ಮುಧೋಳ ನಾಯಿ ಬಾಣದಂತೆ ಬಂದು ಎಂಜಿನ್ನನ್ನು ಕಚ್ಚಿಕೊಂಡು ಕಬ್ಬಿನೊಳಗೆ ಮಾಯವಾಯಿತು. ನಾನು ತಲೆ ಮೇಲೆ ಕೈ ಹೊತ್ತು ಕುಳಿತೆ. ಮಾವನವರು ಮಾತ್ರ, "ಛಲೋ ಆತು ಬಿಡ್ರಿ! ಮೊಲಾ ಅಂತ ತಿಳಕೊಂತಂದ್ರ ನಮ್ಮ ಗಾಡಿ ಸ್ಪೀಡ್ ಐತಿ ಅಂತಾತು" ಎಂದರು. ಸಂಜೆಯವರೆಗೆ ಕಬ್ಬಿನಲ್ಲಿ ಹುಡುಕಿ ಎಂಜಿನ್ನನ್ನು ತಂದೂಬಿಟ್ಟರು. ಇಂಥವರನ್ನು ಎದುರಿಸುವುದು ಹೇಗೆ?

ದಾಖಲೆಯ ನಿಯಮ ಸರಳವಾಗಿತ್ತು. ಹೊರಟ ಗಾಡಿ ಮುಟ್ಟುವವರೆಗೆ ಎಲ್ಲಿಯೂ ನಿಲ್ಲಬಾರದು, ಯಾರೂ ಅದನ್ನು ತಾಗಬಾರದು, ಇಡೀ ಓಟದ ವಿಡಿಯೋ ಇರಬೇಕು. ಮಾವನವರ ತಮ್ಮಂದಿರು ಒಬ್ಬೊಬ್ಬರು ಒಂದೊಂದು ಹೊಲದಲ್ಲಿ ಫೋನು ಹಿಡಿದು ನಿಂತರು. ಕೊನೆಯ ತುಂಡು ನನ್ನ ಪಾಲಿಗೆ ಬಂತು: ಒಂದು ಕೈಯಲ್ಲಿ ಫೋನು, ಇನ್ನೊಂದರಲ್ಲಿ ಬಾವುಟ. ಅಲ್ಲಿ ಹೊಲದ ದಾರಿ ಕಾಲುವೆಯ ದಂಡೆಗೆ ಏರಿ ಹಳಿಯನ್ನು ದಾಟುತ್ತದೆ. ಕಬ್ಬು ಹೇರಿದ ಟ್ರ್ಯಾಕ್ಟರುಗಳೂ ಅಲ್ಲಿಯೇ ಏರುತ್ತವೆ. ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಗುರುತ್ವಕೇಂದ್ರದ ಪಾಠವನ್ನು ಮಾವನವರಿಗೂ ಮಾಡಿದೆ: "ಮಾವಾರ, ಎರಡು ಟ್ರೇಲರ್ ಕಬ್ಬು ಜಗ್ಗಿಕೊಂಡು ಏರಿನ್ಯಾಗ ನಿಂತ್ರ ಮುಂದಿನ ಗಾಲಿ ಮ್ಯಾಲ ಏಳತಾವ್ರಿ. ಡ್ರೈವರನ ಜೀವಕ್ಕ ಬರತೈತಿ."

"ಅದಕ್ಕಽ ನಿಮ್ಮನ್ನ ಅಲ್ಲಿ ನಿಂದರಸಾಕತ್ತೇನಿ. ಏರು ಹತ್ತೂ ಮೊದಲಽ ಹಿಡೀರಿ."

ನಾನು ಹಿಡಿದೆ. ಅಷ್ಟರಮಟ್ಟಿಗೆ ನನ್ನ ತಪ್ಪಿಲ್ಲ. ಬಾವುಟ ಕಂಡು ಟ್ರ್ಯಾಕ್ಟರು ಏರಿನ ಕೆಳಗೆ, ಸಪಾಟು ನೆಲದಲ್ಲಿಯೇ ನಿಂತಿತು. ಡ್ರೈವರ್ ಹಣಮಂತ ಹಾಡಿನ ಸದ್ದು ಇಳಿಸಿ, "ಏನಾತ್ರಿ ಸರ?" ಎಂದ.

"ರೈಲು ಬರಾಕತ್ತೈತಿ."

ಅವನು ಸೀಟಿನ ಮೇಲೆ ಎದ್ದು ನಿಂತು ದಿಗಂತದವರೆಗೂ ನೋಡಿದ. "ಖರೇನಽ ಬಂತ್ರಿ?" ಆಮೇಲೆ ದಂಡೆಯ ಮೇಲಿನ ಹಳಿ ಕಂಡಿತು. "ಇದಾ! ನನ್ನ ಬೀಡಿ ಹೊಗಿ ಇದಕ್ಕಿಂತ ದೊಡ್ಡದು ಬರತೈತ್ರಿ. ಇರಲಿ, ನೋಡೇ ಹೋಗೂಣು."

ಅಷ್ಟರಲ್ಲಿ ಕಬ್ಬಿನ ಮರೆಯಿಂದ ರೈಲು ಬಂತು. ನಿಂತಿಲ್ಲ, ಬಿದ್ದಿಲ್ಲ, ಕೂಗುತ್ತ ಬಂತು. ಪಕ್ಕದಲ್ಲಿ ಧೋತರ ಎತ್ತಿ ಹಿಡಿದು ಮಾವನವರು ಓಡಿ ಬರುತ್ತಿದ್ದರು. ಇನ್ನು ಪಂಪಿನ ಮನೆಯೊಂದೇ ಬಾಕಿ. ಅವರ ಎದೆ ತುಂಬಿಬಂತು. ಎದೆ ತುಂಬಿದ ಕಂಡಕ್ಟರ್ ಏನು ಮಾಡುತ್ತಾನೋ ಅದನ್ನೇ ಮಾಡಿದರು: ಎರಡು ಸೀಟಿ ಊದಿದರು.

ಹಣಮಂತ ಕ್ಲಚ್ ಬಿಟ್ಟ.

ಅರ್ಧ ಏರಿದ ಮೇಲೆ ಎದುರಿಗೇ ರೈಲು ಕಂಡು, ಗಾಬರಿಯಲ್ಲಿ ಬ್ರೇಕ್ ಒತ್ತಿದ. ಹಿಂದಿನ ಕಬ್ಬು ಕೆಳಕ್ಕೆ ಜಗ್ಗಿತು, ಮುಂದಿನ ಎರಡೂ ಗಾಲಿ ನೆಲ ಬಿಟ್ಟು ಎದ್ದವು. ಹಣಮಂತ ಆಕಾಶಕ್ಕೆ ಮುಖ ಮಾಡಿ ಸ್ಟೇರಿಂಗಿಗೆ ಜೋತುಬಿದ್ದು "ಯಪ್ಪಾ!" ಎಂದು ಕಿರುಚಿದ. ಆ ಗಾಲಿಗಳು ಗಾಳಿಯಲ್ಲಿ ಮೆಲ್ಲಗೆ ತಿರುಗುತ್ತಿದ್ದವು. ಕಣ್ಣು ಮುಚ್ಚಿದರೆ ಇವತ್ತಿಗೂ ತಿರುಗುತ್ತವೆ.

ಭೌತಶಾಸ್ತ್ರ ಓದಿದವನಿಗೆ ಮುಂದೇನಾಗುತ್ತದೆ ಎಂಬುದು ಉಳಿದವರಿಗಿಂತ ಮೊದಲೇ ತಿಳಿಯುತ್ತದೆ. ಓಡುವವರಲ್ಲಿಯೂ ಅವನೇ ಮೊದಲಿಗ. ದಂಡೆಗುಂಟ ಓಡುತ್ತ ಒಮ್ಮೆ ಮಾತ್ರ ಹಿಂದಿರುಗಿ ನೋಡಿದೆ. ರೈಲಿನ ಮೇಲೆ ಜೀವ ಇಟ್ಟುಕೊಂಡಿದ್ದ ಮಾವನವರು ರೈಲನ್ನು ಅದರ ಪಾಡಿಗೆ ಬಿಟ್ಟು, ಹಾರಿ ಟ್ರ್ಯಾಕ್ಟರಿನ ಮುಂದಿನ ಬಂಪರಿಗೆ ಜೋತುಬಿದ್ದಿದ್ದರು. ಕಬ್ಬು ಕಡಿಯುವವರೂ ಓಡಿಬಂದು ಪಕ್ಕದಲ್ಲಿ ಜೋತುಬೀಳುತ್ತಿದ್ದರು. "ಜಗ್ರಿ! ಬಿಡಬ್ಯಾಡ್ರಲೇ, ಜಗ್ರಿ!" ಎಂದು ಮಾವನವರು ಒದರುತ್ತಿದ್ದರು. ತೂಗಾಡುವ ಅವರ ಕಾಲುಗಳ ಕೆಳಗೆ ಆ ಪುಟ್ಟ ರೈಲು ಕೂ ಎನ್ನುತ್ತ ದಾಟಿಹೋಯಿತು.

ನಾನು ಪಂಪಿನ ಮನೆಯ ಗೋಡೆಗೆ ಬೆನ್ನು ಹಚ್ಚಿ, ಕಣ್ಣು ಗಟ್ಟಿಯಾಗಿ ಮುಚ್ಚಿ ಕುಕ್ಕರಿಸಿದೆ. ಹಣಮಂತ ಸತ್ತ, ಮಾವನವರೂ ಹೋದರು, ಹೆಂಡತಿಗೆ ಏನು ಹೇಳಲಿ ಎಂದು ಯೋಚಿಸುತ್ತಿರುವಾಗ ಕಾಲಿಗೆ ಕಬ್ಬಿಣದಂಥದ್ದೇನೋ ಬಂದು ತಾಗಿತು. ಟ್ರ್ಯಾಕ್ಟರು ಇಲ್ಲಿಗೂ ಬಂತು ಎಂದುಕೊಂಡೆ. ಕಾಲು ಬೀಸಿ ಒದ್ದೆ. ಕಾಲುವೆಯಲ್ಲಿ ಬುಳಕ್ ಎಂದಿತು.

ಗಾಲಿ ನೆಲಕ್ಕೆ ಇಳಿದಿತ್ತು. ಹಣಮಂತ ಬದುಕಿದ. ಅಂಗೈಯ ಚರ್ಮ ಸುಲಿದುಕೊಂಡ ಮಾವನವರು ಅವನ ಬೆನ್ನು ಸವರಿ ಕೂರಿಸಿ, ಆಮೇಲೆ ಹಳಿ ನೋಡುತ್ತ ನೋಡುತ್ತ ನನ್ನವರೆಗೆ ನಡೆದು ಬಂದರು. "ಗಾಡಿ ಮುಟ್ಟಿತೇನ್ರಿ, ಅಳಿಯಂದ್ರ?" ಎಂದರು. ನಾನು ಕಾಲುವೆಯ ಕಡೆ ನೋಡಿದೆ. ಅವರೂ ನೋಡಿದರು. ನೀರಿನ ಮೇಲೆ ಗುಳ್ಳೆ ಏಳುತ್ತಿತ್ತು.

ನನ್ನ ಕೈಯಲ್ಲಿದ್ದ ಫೋನಿನ ವಿಡಿಯೋ ಒಂದು ಕ್ಷಣವೂ ನಿಂತಿರಲಿಲ್ಲ. ಅದರಲ್ಲಿ ಕಬ್ಬಿನ ಗರಿ ಇದೆ, ಆಕಾಶ ಇದೆ, ನನ್ನ ಏದುಸಿರಿದೆ, 'ಅವ್ವಾ' ಎಂಬ ಕೂಗಿದೆ. ಕೊನೆಯಲ್ಲಿ ಮಾತ್ರ ಚಿತ್ರ ಬಹಳ ನಿಚ್ಚಳವಾಗಿದೆ: ರೈಲು ನೇರವಾಗಿ ಬರುತ್ತದೆ, ಹಳಿಯ ಕೊನೆಗೆ ಗುರುತಿಗಿಟ್ಟ ಇಟ್ಟಿಗೆ ಒಂದು ಮಾರು ದೂರ ಉಳಿದಿರುತ್ತದೆ, ನಡುವೆ ನನ್ನ ಚಪ್ಪಲಿ ಬರುತ್ತದೆ. ಮನೆಮಂದಿಯೆಲ್ಲ ಅದನ್ನು ನೋಡಿದರು. ನನ್ನ ಹೆಂಡತಿ, "ಎಷ್ಟ ಛಂದ ಒದ್ದೀರಿ!" ಎಂದಳು. ಮಾವನವರು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಹೆಂಡತಿಯ ತವರಿನ ಸಂಬಂಧವನ್ನೇ ಕಡಿದುಕೊಂಡು ನೆಮ್ಮದಿಯಾಗಿರಬಹುದಿತ್ತು.

ಹೋದ ವಾರ ಅವರು ಹೊಸ ಎಂಜಿನ್ನು ತಂದರು. "ಅಳಿಯಂದ್ರ, ಈ ಸಲ ನಿಮಗ ಬಾವುಟ ಬ್ಯಾಡ್ರಿ, ಫೋನೂ ಬ್ಯಾಡ. ಸುಮ್ಮನ ಪಂಪಿನ ಮನಿ ಒಳಗ ಕಾಲು ಮಡಚಿ ಕುಂದರ್ರಿ, ಅಷ್ಟಽ." ನಾನು ಬೇಡ ಅಂದೆ. ಅತ್ತೆಯವರು ಇನ್ನೊಂದು ಹೋಳಿಗೆ ಹಾಕಿದರು. ಮಾವನವರು ಎರಡು ಸೀಟಿ ಊದಿದರು. ತಾಟಿನ ಮುಂದೆ ಚಾಚಿಕೊಂಡಿದ್ದ ನನ್ನ ಕಾಲು ತಾನಾಗಿಯೇ ಮಡಚಿಕೊಂಡಿತು.