ಪುಳಿಯೋಗರೆಯಲ್ಲಿ ಮಿಂದ ಆನೆ

ಡಾಕ್ಟರ್ ಕೋದಂಡರಾಮಪ್ಪನವರನ್ನು ನಾನು ಮೊದಲು ಕಂಡದ್ದು ಎರಡು ವರ್ಷದ ಹಿಂದೆ, ಕೋಲಾರದ ಒಂದು ಕಲ್ಯಾಣ ಮಂಟಪದಲ್ಲಿ ನಡೆದ ನಾಣ್ಯ ಪ್ರದರ್ಶನದಲ್ಲಿ. ಕಂಡ ಅರ್ಧ ಗಂಟೆಯಲ್ಲೇ ಅವರು ನನ್ನ ನೆಮ್ಮದಿಯನ್ನು ಕದ್ದರು. (ಈ ಕಳ್ಳತನದ ವಿಷಯ ಅವರಿಗೆ ಇಂದಿಗೂ ತಿಳಿಯದು.)

ಮೇಷ್ಟರ ಕೆಲಸದಿಂದ ನಿವೃತ್ತನಾದ ಮೇಲೆ ಹಳೆಯ ನಾಣ್ಯ ಕೂಡಿಡುವ ಹುಚ್ಚು ಹಿಡಿದವನು ನಾನು. ಅಂದು ಬಾಗಿಲ ಬಳಿಯ ಮೊದಲ ಮೇಜಿನಲ್ಲೇ ಒಂದು ಬೆಳ್ಳಿ ರೂಪಾಯಿ ಕಂಡು, ಕೇಳಿದಷ್ಟು ಕೊಟ್ಟು, ದಿಗ್ವಿಜಯ ಮುಗಿಸಿದ ಚಕ್ರವರ್ತಿಯಂತೆ ಹೆಂಡತಿ ಭಾರತಮ್ಮನತ್ತ ತಿರುಗಿದೆ. ಅವಳ ಕಣ್ಣು ನನ್ನ ಮೇಲಿರಲಿಲ್ಲ. ಹೆಗಲ ಮೇಲೆ ಟವೆಲ್ ಹಾಕಿದ್ದ ಎತ್ತರದ ಮನುಷ್ಯರೊಬ್ಬರ ಮೇಲಿತ್ತು.

"ರೀ, ನಮ್ಮ ತಾಯಲೂರಿನ ದನದ ಡಾಕ್ಟ್ರು ಕಣ್ರೀ! ನಮ್ಮಮ್ಮನ ಸೀಮೆಹಸೂನ ಬದುಕಿಸಿದ್ದು ಇವರೇ!"

ಡಾಕ್ಟರು ಏನನ್ನೂ ಕೊಳ್ಳದೆ ಮಂಟಪವನ್ನೆಲ್ಲ ಒಂದು ಸುತ್ತು ಹಾಕಿದರು. ಕಾಫಿ ಕುಡಿದರು. ಆಮೇಲೆ ಒಂದು ರೂಪಾಯಿಯನ್ನು, ಕರುವಿನ ಹಲ್ಲು ನೋಡುವಂತೆ, ಭೂತಗನ್ನಡಿ ಹಿಡಿದು ಅಂಚಿನವರೆಗೂ ಪರೀಕ್ಷಿಸಿದರು. ಕೊನೆಗೆ ದನದ ಸಂತೆಯ ದಲ್ಲಾಳಿಯಂತೆ ವ್ಯಾಪಾರಿಯ ಕೈಮೇಲೆ ಟವೆಲ್ ಹೊದಿಸಿ, ಒಳಗೇ ಬೆರಳು ಹಿಡಿದು ಬೆಲೆ ಮಾತಾಡಿದರು. ಟವೆಲ್ ಸರಿದಾಗ ನನ್ನಂಥದೇ ರೂಪಾಯಿ, ನಾನು ಕೊಟ್ಟದ್ದರ ಅರ್ಧಕ್ಕೆ ಅವರದಾಗಿತ್ತು. ಭಾರತಮ್ಮ ಹೋಗಿ ವಿಚಾರಿಸಿಕೊಂಡೇ ಬಂದಳು.

ಅಂದಿನಿಂದ ನಮ್ಮ ಮನೆಯಲ್ಲಿ ಬದನೆಕಾಯಿಗೂ ಡಾಕ್ಟರೇ ಅಳತೆಗೋಲು.

"ಡಾಕ್ಟ್ರಾಗಿದ್ರೆ ಮಾರ್ಕೆಟ್ ಒಂದು ಸುತ್ತು ಹಾಕಿ ತರ್ತಿದ್ರು."

"ಹಲ್ಲು ನೋಡೋಕೆ ಬದನೆಕಾಯಿ ಏನು ಕರುವೇನೇ?"

"ಹಲ್ಲಿಲ್ಲ ಸರಿ. ಹುಳ ಐತಲ್ಲ, ಅದನ್ನಾದ್ರೂ ನೋಡಬೇಕಿತ್ತು."

ಈ ವರ್ಷ ಪಣ ತೊಟ್ಟೇ ಹೊರಟೆ. ದಿನದ ಒಳ್ಳೆಯ ಖರೀದಿಗೆ ನಾಣ್ಯ ಸಂಘದವರು ಊಟವಾದ ಮೇಲೆ ಶಾಲು ಹೊದಿಸುತ್ತಾರೆ. ಹೋದ ವರ್ಷ ಅದು ಯಾರ ಹೆಗಲೇರಿತೆಂದು ಹೇಳಬೇಕಾಗಿಲ್ಲ. ಈ ಸಲ ಅದು ನನ್ನ ಹೆಗಲೇರಬೇಕು, ಭಾರತಮ್ಮ ಕಣ್ಣಾರೆ ನೋಡಬೇಕು!

ಸುತ್ತು ಹಾಕಿದೆ. ಕಾಫಿಯನ್ನೂ ಕುಡಿದೆ. ಮೂಲೆಯ ಮೇಜಿನಲ್ಲಿ, ತಾಮ್ರದ ಚಿಲ್ಲರೆ ತುಂಬಿದ ತಟ್ಟೆಯೊಳಗೆ, ಮೈಸೂರು ಅರಸರ ಕಾಲದ ಆನೆ ಕಾಸೊಂದು ಕಂಡಿತು. ಸೊಂಡಿಲು, ದಂತ ಸವೆದಿಲ್ಲ. ಮೈತುಂಬ ಹಸಿರುಗಪ್ಪು ಬಣ್ಣ ಸಮನಾಗಿ ಕೂತಿದೆ. ಎಲ್ಲಿಂದ ಬಂತೆಂದು ಕೇಳಿದೆ. ಬೆಲೆ ಕೇಳಿ, ಬೇಡವೆಂದು ನಡೆದೇಬಿಟ್ಟೆ. ವ್ಯಾಪಾರಿ ತಾನಾಗಿ ಕರೆದು ಇಳಿಸಿದ; ಕೊಂಡೆ.

ಡಾಕ್ಟರು ನೋಡಿ ನಿಂತೇಬಿಟ್ಟರು. "ಭಲೇ ಮೇಷ್ಟ್ರೇ! ಇದು ನನ್ನ ಕಣ್ಣಿಗೆ ಹೆಂಗೆ ತಪ್ಪಿಸ್ಕೊಂತು? ಶಾಲು ನಿಮ್ದೇ ಬಿಡಿ."

ನೆಲ ಬಿಟ್ಟು ತೇಲುತ್ತ ಭಾರತಮ್ಮನ ಬಳಿ ಬಂದೆ. ಅವಳು ಕಾಸನ್ನು ಎರಡು ಬೆರಳಲ್ಲಿ ಹಿಡಿದು ನೋಡಿದಳು.

"ಇದಾ? ಚರಂಡೀಲಿ ಬಿದ್ದಿದ್ದಂಗೈತೆ. ಡಾಕ್ಟ್ರು ಇವತ್ತು ತಗೊಂಡಿರೋ ಬೆಳ್ಳೀದು ನೋಡಿ, ಹೆಂಗೆ ಫಳಫಳ ಅಂತೈತೆ!"

"ಹಳೇ ತಾಮ್ರ ಹೊಳೀಬಾರ್ದು ಕಣೇ. ತೊಳೆದ್ರೆ ಬೆಲೆ ಹೋಯ್ತು. ನೀನು ತೊಳೆದೀಯ ಅಂತಲೇ ನಾನು ಬೀರುಗೆ ಬೀಗ ಹಾಕೋದು."

"ಹಂಗಾದ್ರೆ ಡಾಕ್ಟ್ರದ್ದು ಹೊಳೀಬಹುದು, ನಿಮ್ದು ಮಾತ್ರ ಹೊಳೀಬಾರ್ದು?"

ಬೆಲೆ ಹೋದರೂ ಸರಿ, ಅವಳ ಕಣ್ಣಿಗೆ ಒಂದಿಷ್ಟು ಹೊಳೆದರೆ ಸಾಕು ಎನ್ನಿಸಿಬಿಟ್ಟಿತು. ಊಟದ ನೆಪ ಹೇಳಿ, ಅವಳು ಕಟ್ಟಿದ್ದ ಪುಳಿಯೋಗರೆಯ ಡಬ್ಬಿಯೊಡನೆ ಮಂಟಪದ ಹಿಂದಿನ ನಲ್ಲಿಯ ಬಳಿಗೆ ಹೋದೆ. ಪೂಜೆಯ ಪಾತ್ರೆಗಳನ್ನು ಹುಣಸೆಹಣ್ಣಿನಿಂದ ಉಜ್ಜುವುದನ್ನು ಕಂಡೇ ಬೆಳೆದವನು ನಾನು. ಡಬ್ಬಿಯಲ್ಲಿ ಹುಣಸೆಯೂ ಇದೆ, ಉಪ್ಪೂ ಇದೆ. ಆನೆಯ ಬೆನ್ನಿಗಷ್ಟೇ, ಒಂದಿಷ್ಟು, ಎಂದು ಆರಂಭಿಸಿದೆ. ಬೆನ್ನು ಹೊಳೆಯಿತು; ಹೊಟ್ಟೆ ಪೆಚ್ಚಾಯಿತು. ಹೊಟ್ಟೆ ಉಜ್ಜಿದೆ, ಸೊಂಡಿಲು ಮುನಿಸಿಕೊಂಡಿತು. ಅಂತೂ ಇಡೀ ಗಜರಾಜನಿಗೆ ಮಂಗಳಸ್ನಾನವಾಯಿತು. ಹೊಸ ಬಿಂದಿಗೆಯಂತೆ ಥಳಥಳಿಸಿದ!

ಶಾಲಿನ ಆಯ್ಕೆಗೆ ಕುಳಿತ ಸಂಘದ ಕಾರ್ಯದರ್ಶಿ ಉಮಾಶಂಕರ್ ಕಾಸನ್ನು ತಿರುಗಿಸಿ ತಿರುಗಿಸಿ ನೋಡಿದರು. "ಸಾರ್, ಬೆಳಗ್ಗೆ ತಗೊಂಡ ಹಳೇ ಕಾಸು ತೋರಿಸಿ. ಇದು ಆಟದ ಸಾಮಾನಿದ್ದಂಗಿದೆ."

ಡಾಕ್ಟರು ಭೂತಗನ್ನಡಿ ಹಿಡಿದರು. ಉಗುರಿನಿಂದ ಏನನ್ನೋ ಮೆಲ್ಲಗೆ ಎತ್ತಿದರು. ಮೂಸಿದರು. ರೋಗಿಯ ಮನೆಯವರೊಡನೆ ಮಾತಾಡುವಷ್ಟು ಮೃದುವಾಗಿ, "ಮೇಷ್ಟ್ರೇ, ಆನೆ ಕಾಲ ಸಂದೀಲಿ ಸಾಸಿವೆ ಸಿಕ್ಕೊಂಡೈತೆ. ಇಂಗಿನ ವಾಸನೇನೂ ಬರ್ತಾ ಐತೆ," ಎಂದರು.

ಭಾರತಮ್ಮ ನನ್ನ ಕೈಯಿಂದ ಡಬ್ಬಿ ಕಸಿದು ಮುಚ್ಚಳ ತೆಗೆದಳು. ಮಂಟಪವೆಲ್ಲ ನಮ್ಮ ಕಡೆಗೇ ನೋಡುತ್ತಿತ್ತು.

"ನಾನು ತೊಳೆದೇನು ಅಂತ ಬೀರುಗೆ ಬೀಗ ಹಾಕ್ತಾರಂತೆ! ಅಯ್ಯೋ ದೇವುಡಾ, ಈ ಕೈಗಳಿಗೆ ಯಾವ ಬೀಗ ಹಾಕಲಿ?"

ಶಾಲು ಮತ್ತೆ ಅದೇ ಹೆಗಲೇರಿತು. ಡಾಕ್ಟರು ಬೇಡವೆಂದರು, ಚಪ್ಪಾಳೆ ಬಿಡಲಿಲ್ಲ. ಎಲ್ಲರಿಗಿಂತ ಜೋರಾಗಿ ತಟ್ಟಿದವಳು ಭಾರತಮ್ಮ. ಆಮೇಲೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಆ ಆನೆಯನ್ನು ತಮಗೆ ಕೊಡಿ ಎಂದು ಕೇಳಿದರು. ಕಣ್ಣೆದುರಿಗಿಲ್ಲದಿದ್ದರೆ ಸಾಕೆಂದು ಪುಕ್ಕಟೆಯಾಗಿ ಕೊಟ್ಟುಬಿಟ್ಟೆ. ಅಲ್ಲೂ ಎಡವಿದೆ.

ಏಕೆಂದರೆ ಡಾಕ್ಟರು ಈಗ ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಸುತ್ತಿ, ಹಳೆಯ ನಾಣ್ಯ ಕೊಳ್ಳುವುದು ಹೇಗೆಂದು ಹೊಸಬರಿಗೆ ಪಾಠ ಹೇಳುತ್ತಿದ್ದಾರೆ. ಕೊನೆಯಲ್ಲಿ ಜೇಬಿನಿಂದ ಥಳಥಳಿಸುವ ಕಾಸು ತೆಗೆದು, "ಇದು ನಮ್ಮ ಮೇಷ್ಟ್ರ ಆನೆ. ಇಷ್ಟೊಂದು ಜಾಣತನದಿಂದ ಕೊಂಡಿದ್ದು ಇನ್ನೊಂದಿಲ್ಲ. ಕೊಂಡ ಮೇಲೆ ಏನು ಮಾಡಬಾರ್ದು ಅನ್ನೋದಕ್ಕೂ ಇದೇ ಸಾಕ್ಷಿ," ಎನ್ನುತ್ತಾರಂತೆ. ಇಷ್ಟು ವರ್ಷ ಪಾಠ ಹೇಳಿದ ನಾನು ಈಗ ಪಾಠವೇ ಆಗಿಬಿಟ್ಟಿದ್ದೇನೆ.

ಪಾಠಕ್ಕೆ ಹೊರಡುವ ಮುನ್ನ ಅವರು ನಮ್ಮ ಮನೆಗೆ ತಪ್ಪದೆ ಬರುತ್ತಾರೆ. ಇಗೋ, ಈಗಲೂ ಜಗಲಿಯ ಮೇಲೆ ಕುಳಿತು, ಭಾರತಮ್ಮ ಎರಡನೆಯ ಸಲ ಬಡಿಸಿದ ಪುಳಿಯೋಗರೆಯನ್ನು ಕಣ್ಣು ಮುಚ್ಚಿ ಸವಿಯುತ್ತಿದ್ದಾರೆ. ನನ್ನ ತಟ್ಟೆಯಲ್ಲಿರುವುದು ಮೊಸರನ್ನ. ಹುಣಸೆ ಹಾಕಿದ್ದೇನನ್ನೂ ನನ್ನ ಕೈಗೆ ಕೊಡಕೂಡದೆಂಬುದು ಮನೆಯ ಹೊಸ ಕಾನೂನು.