ಮಾವನ ಗುರ್ತಿನ ಮೀನುಗಳು

ನಮ್ಮ ಮಾವ ಮೀನಿಗೆ ದಾಕ್ಷಿಣ್ಯಪಡುವ ಮೀನುಗಾರ ಎಂದರೆ ನೀವು ನಂಬಬೇಕು! ಬೇಲೆಕೇರಿಯಲ್ಲಿ ಹುಟ್ಟಿ, ಮೂವತ್ತು ವರ್ಷ ಬಲೆ ಎಳೆದು, ಅಂಕೋಲೆ ಪೇಟೆಯಲ್ಲಿ ಮೀನು ಮಾರುವವಳನ್ನೇ ಮದುವೆಯಾದ ಮನುಷ್ಯನಿಗೆ ಐವತ್ತು ದಾಟಿದ ಮೇಲೆ ಈ ಗ್ರಹಚಾರ ಹಿಡಿದದ್ದು ನನ್ನಿಂದಲೇ.

ಆಗ ನಾನು ಕಾರವಾರದ ಒಂದು ಕಂಪನಿಯಲ್ಲಿ ಗುಮಾಸ್ತ. ನೀರಿನಡಿ ಇಳಿದು ಬಂದರಿನ ಕಂಬ, ಪೈಪುಗಳನ್ನು ನೋಡಿ ಬರುವ ಯಂತ್ರಗಳನ್ನು ಬಾಡಿಗೆಗೆ ಕೊಡುವ ಕಂಪನಿ. ಯಂತ್ರಕ್ಕೆ ಕಟ್ಟಿದ ಹಳದಿ ಕೇಬಲ್ ಬಿಡಲು, ಎಳೆಯಲು ಹಗ್ಗದಲ್ಲಿ ಪಳಗಿದ ಕೈ ಬೇಕಿತ್ತು, ಮಾವನನ್ನು ಸೇರಿಸಿದೆ. ಕೇಬಲ್ ಹಿಡಿದವನು ಕೇಬಲ್ ನೋಡಬೇಕೋ ಬೇಡವೋ? ಈತ ಯಂತ್ರದ ಕ್ಯಾಮೆರಾ ನೀರಿನಡಿಯದನ್ನು ತೋರಿಸುವ ಟೀವಿ ನೋಡಿದ!

ಮೊದಲ ದಿನವೇ ಕ್ಯಾಮೆರಾದೆದುರು ಏಡಿಯೊಂದು ಬಂದು ನಿಂತಿತು. ಆ ರಾತ್ರಿ ಮಾವ ಏಡಿ ಸಾರಿನ ಬಟ್ಟಲನ್ನು ಆಚೆ ತಳ್ಳಿದ.

"ಎಂತಾ ಆಯ್ತು ನಿಮ್ಗೆ?" ಅಂದಳು ಅತ್ತೆ.

"ಅದು ನನ್ನೇ ನೋಡ್ತಿತ್ತೇ. ಗುರ್ತಾದ್ಮೇಲೆ ತಿನ್ನೂದು ಹೆಂಗೆ?"

"ಮೂವತ್ ವರ್ಷ ಬಲೆಲಿ ಕಾಣ್ಲಿಲ್ವಾ?"

"ಆಗ ಅವು ನಮ್ಮನೆಗೆ ಬರ್ತಿದ್ವು. ಈಗ ನಾವೇ ಅವ್ರ ಮನೆಗೆ ಹೋಗೂದಲ್ವಾ!"

ಮುಂದಿನ ವಾರ ಟೀವಿಯಲ್ಲಿ ತೊರಕೆ ಮೀನು ಕಂಡಿತು, ಮನೆಯಲ್ಲಿ ಅದರ ಸಾರೂ ಬಂದ್. ಆಮೇಲೆ ನೊಗಲಿ, ಪಾಂಪ್ಲೆಟ್ ಮೀನುಗಳದ್ದೂ. ಯಂತ್ರ ನೋಡಲು ಬಂದ ಮುಂಬಯಿಯ ಸಾಹೇಬರೊಬ್ಬರು, ಕ್ಯಾಮೆರಾದಲ್ಲಿ ಸ್ಪಷ್ಟವಾಗಿ ಕಾಣುತ್ತದೆಯೇ ಎಂದು ಕೇಳಿದರು. "ಸಾಹೇಬ್ರೆ, ಇದ್ರಿಂದ ನಮ್ಮನೇಲಿ ನಾಕ್ ನಮೂನೆ ಸಾರು ನಿಂತೋಗದೆ. ಇನ್ನೆಂತಾ ಗ್ಯಾರಂಟಿ ಬೇಕು?" ಅಂದ ಮಾವ. ಸಾಹೇಬರು ಅಂದೇ ಒಂದು ಯಂತ್ರ ಬಾಡಿಗೆಗೆ ಒಯ್ದರು.

ಅತ್ತೆಗೆ ಉಳಿದದ್ದು ಬಂಗಡೆಯೊಂದೇ. "ಅದೊಂದ್ ಕಾಣ್ಸಬೇಡ ಮಾರಾಯ, ಕೈ ಮುಗಿತೆ" ಎಂದು ನನಗೇ ಹೇಳಿದಳು, ಸಮುದ್ರದ ಬಂಗಡೆಯನ್ನೆಲ್ಲ ನಾನೇ ಮೇಯಿಸುತ್ತಿದ್ದೇನೋ ಎಂಬಂತೆ!

ಅಷ್ಟರಲ್ಲಿ ಅವಳಿಗೆ ಟೈಫಾಯ್ಡ್ ಬಂತು. ಎರಡು ತಿಂಗಳು ಹಾಸಿಗೆ. ಮಾವ ಗಂಜಿ ಬೇಯಿಸಿದ, ಅವಳ ತಲೆ ಬಾಚಿದ, ಒಂದು ತಮಾಷೆಯನ್ನೂ ಆಡಲಿಲ್ಲ. ನಮಗೆಲ್ಲ ಭಯವಾಗಿತ್ತು.

ಅವಳು ಎದ್ದು ಮೊದಲ ಸಲ ಒಲೆ ಹಚ್ಚಿದ ದಿನವೇ ಬಂದರಿನ ಕಂಬದ ಬಳಿ ಕ್ಯಾಮೆರಾದೆದುರು ಬಂಗಡೆಯ ಹಿಂಡು! ಮಾವ ಕೇಬಲ್ ಹಿಡಿದು ರೆಪ್ಪೆ ಮಿಟುಕಿಸದೆ ನೋಡಿದ. ಮುಗಿಯಿತು ಕಥೆ ಎಂದುಕೊಂಡೆ.

ಸಂಜೆ ಅವನ ಜೊತೆ ಹೋದರೆ ಅಂಗಳಕ್ಕೇ ಹುರಿದ ಬಂಗಡೆಯ ಪರಿಮಳ. ಅತ್ತೆ ಗೋಡೆಗೊರಗಿ ಕೂತಿದ್ದಳು. ಬಡಿಸುವ ಮುಂಚೆ ಕೇಳಿದಳು:

"ಇವತ್ತು ಟೀವೀಲಿ ಎಂತಾ ಕಂಡ್ತು?"

"ಎಂತದೂ ಇಲ್ವೇ. ಬರೇ ರಾಡಿ ನೀರು."

ಅತ್ತೆ ನನ್ನ ಮುಖ ನೋಡಿದಳು. "ಹೌದತ್ತೆ, ರಾಡಿ" ಎಂದೆ.

ಮಾವ ಮೂರು ಬಂಗಡೆ ತಿಂದ. ಕಣ್ಣು ತುಂಬಿತ್ತು.

"ಖಾರ ಆಯ್ತಾ?"

"ಇಲ್ವೇ," ಅಂದ ಮಾವ. "ಇನ್ನೊಂದು ಹಾಕು."